ಜೋಗೇಶ್ವರಿಯ ಗುಡ್ಡಕ್ಕೆ ನಮ್ಮ ತೇಗ

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಹೊರಟೆ. ಬೊಂಬಾಯಿಯಲ್ಲಿ ಜನವರಿಯೂ ಬೆವರಿಸುತ್ತದೆ. ಮೈಸೂರಿನಿಂದ ಹೊದ್ದು ತಂದ ಶಾಲು ಕೈಯ ಮೇಲೆ ಭಾರವಾಯಿತು. ಸ್ಟೇಷನ್ ಎದುರಿನ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ, ಗಲ್ಲಾದಲ್ಲಿ ಕೂತಿದ್ದ ಕುಂದಾಪುರದ ಭಟ್ಟರು ಎಲ್ಲಿಗೆ ಹೊರಟಿರಿ ಎಂದು ವಿಚಾರಿಸಿದರು. ಜೋಗೇಶ್ವರಿಗೆ, ತೇಗದ ಸಸಿ ನೋಡಲು ಎಂದೆ.

"ಮೈಸೂರಿಂದ ಇಲ್ಲಿಗೆ ಬಂದು ತೇಗ ನೋಡುದಾ? ಸಮುದ್ರ ನೋಡಿ ಮಾರಾಯ್ರೆ," ಎಂದರು.

ಅವರಿಗೆ ವಿವರಿಸಲು ಪುರುಸೊತ್ತಿರಲಿಲ್ಲ. ವಿಷಯ ಇಷ್ಟು: ನನ್ನ ತಂಗಿಯ ಮಗ ರಘು ಇಲ್ಲಿ ನರ್ಸರಿಯ ಆಫೀಸರ್. ಜೋಗೇಶ್ವರಿಯ ಆಚೆಯ ಒಂದು ಬೋಳು ಗುಡ್ಡದ ಮೇಲೆ ಕಾಡು ಬೆಳೆಸುವ ಕೆಲಸ ಅವನದು. ಯಾವ ಸೀಮೆಯ ಬೀಜ ಅಲ್ಲಿಗೆ ಒಗ್ಗೀತು ಎಂದು ತಿಳಿಯಲು ನಾಲ್ಕಾರು ಕಡೆಯ ತೇಗದ ಬೀಜ ತರಿಸಿ ಬೇರೆ ಬೇರೆ ಪಾತಿಗಳಲ್ಲಿ ಬಿತ್ತಿದ್ದ. ಹುಣಸೂರಿನ ಕಡೆ ನಮ್ಮವರು ರೇಂಜರ್ ಆಗಿದ್ದಾಗ ಬಂಗಲೆಯ ಹಿಂದೆ ಪೆನ್ಸಿಲ್ಲಿನ ಹಾಗೆ ನೆಟ್ಟಗಿದ್ದ ಒಂದು ತೇಗವಿತ್ತು. ಸಂಜೆ ಅದಕ್ಕೆ ಬೆನ್ನು ಕೊಟ್ಟು ನಿಂತು ಪೈಪ್ ಸೇದುವುದು ಅವರ ಹ್ಯಾಬಿಟ್. ಅವರು ತೀರಿಕೊಂಡ ಮೇಲೆ ಆ ಮರದ ಬೀಜ ಆರಿಸಿ ರಘುವಿಗೆ ಪಾರ್ಸೆಲ್ ಮಾಡಿದ್ದೆ. ಈಗ ನನ್ನ ಪಾತಿಯೇ ಎಲ್ಲಕ್ಕಿಂತ ಮುಂದಿದೆಯಂತೆ. ಗುಡ್ಡಕ್ಕೆಲ್ಲ ಆ ಮರದ, ಅದರ ಸುತ್ತಲಿನ ಮರಗಳ ಬೀಜವನ್ನೇ ತರಿಸಲು ಈ ವಾರ ಮೇಲಿನವರಿಗೆ ಬರೆಯುತ್ತೇನೆ, ಬಂದು ನೋಡಿ ಎಂದಿದ್ದ. ಬೊಂಬಾಯಿಯ ಗುಡ್ಡದ ತುಂಬ ನಮ್ಮವರ ಮರದ ಸಂತಾನ ಎಂದ ಮೇಲೆ ಬಾರದಿರುವುದು ಹೇಗೆ?

ಲೋಕಲ್ ರೈಲಿನಲ್ಲಿ ಸ್ಲೋ, ಫಾಸ್ಟ್ ಎಂದು ಎರಡು ಜಾತಿಯಿರುವುದು ನನಗೆ ಗೊತ್ತಿರಲಿಲ್ಲ. ಜೋಗೇಶ್ವರಿಯ ಬೋರ್ಡು ಕಿಟಕಿಯಾಚೆ ಬಂದು, ನಾನು ಸೆರಗು ಸರಿಪಡಿಸಿಕೊಂಡು ಏಳುವಷ್ಟರಲ್ಲಿ ಹಿಂದಕ್ಕೆ ಹೋಗಿಬಿಟ್ಟಿತು. ಪಕ್ಕದ ಗುಜರಾತಿ ಹೆಂಗಸು ನನ್ನ ಮುಖ ನೋಡಿ ನಕ್ಕಳು. ಬೊರಿವಲಿಯಲ್ಲಿ ಇಳಿದು, ಸೇತುವೆ ಹತ್ತಿ, ಇನ್ನೊಂದು ರೈಲು ಹಿಡಿದು ವಾಪಸು ಬಂದೆ. ರಘು ಪ್ಲ್ಯಾಟ್‌ಫಾರ್ಮಿನ ಮೇಲೆ ಹ್ಯಾಟು ಕೈಯಲ್ಲಿ ಹಿಡಿದು ಶತಪಥ ಹಾಕುತ್ತಿದ್ದ. ಕುದುರೆಗಾಡಿಯಲ್ಲಿ ಹೋದೆವು. ಕಾರ್ಖಾನೆಗಳ ಶೆಡ್ಡುಗಳು ಮುಗಿದ ಮೇಲೆ ಬರೀ ಧೂಳು. ಗುಡ್ಡದ ಬುಡದಲ್ಲಿ ಕಲ್ಲು ಒಡೆಯುವವರು ಆಗಲೇ ಕೆಲಸ ನಡೆಸಿದ್ದರು. ಬರುವ ಮಳೆಗಾಲದಲ್ಲಿ ನೆಟ್ಟದ್ದು ಉಳಿಯದಿದ್ದರೆ ಗುಡ್ಡ ಪೂರ್ತಿ ಅವರ ಪಾಲಾಗುತ್ತದೆಂದು ರಘು ಹೇಳಿದ.

ನರ್ಸರಿಯಲ್ಲಿ ಉಳಿದ ಪಾತಿಗಳ ಸಸಿಗಳೆಲ್ಲ ಎಲೆ ಉದುರಿಸಿ ಕಡ್ಡಿಗಳಂತೆ ನಿಂತಿದ್ದವು. ನನ್ನದು ಮಾತ್ರ ಹಸುರು. ಆದರೆ ಅದರಲ್ಲೂ ಒಂದು ನನ್ನ ಸೊಂಟದೆತ್ತರ, ಪಕ್ಕದ್ದು ಗೇಣುದ್ದ, ಮತ್ತೊಂದು ಹುಟ್ಟಿನಿಂದಲೇ ಸೊಟ್ಟ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರಲ್ಲ, ಇದೇನೋ ಹೀಗೆ, ಎಂದೆ.

"ತಾಯಿ ಒಬ್ಬಳೇ, ದೊಡ್ಡಮ್ಮ. ತಂದೆ ಯಾರ್ಯಾರೋ, ಅದು ಜೇನಿಗೇ ಗೊತ್ತು," ಎಂದ. ಕಾನ್ವೆಂಟಿನಲ್ಲಿ ಓದಿದ ನಾನು ಸೊಟ್ಟ ಸಸಿಯ ಕಡೆ ಬಗ್ಗಿದೆ.

ಒಂದೊಂದೇ ಸಸಿಯನ್ನಲ್ಲ, ಇಡೀ ಪಾತಿಯನ್ನು ನೋಡಬೇಕು ಎಂದು ಅವನು ವಿವರಿಸಿದ. ಎಲ್ಲಕ್ಕೂ ಒಂದೇ ಮಣ್ಣು, ಒಂದೇ ನೀರು ಕೊಟ್ಟ ಮೇಲೂ ಪಾತಿಗೂ ಪಾತಿಗೂ ಉಳಿಯುವ ವ್ಯತ್ಯಾಸ ಬೀಜದ್ದಂತೆ.

ಮಧ್ಯಾಹ್ನ ನೀರುಹಾಕುವ ಸಖೂಬಾಯಿ ಜೋಳದ ಭಾಕ್ರಿ, ಬೆಳ್ಳುಳ್ಳಿ ಚಟ್ನಿ ತಂದಿಟ್ಟು, ನಾನು ಸಾಕೆಂದರೂ ಬಿಡದೆ ಬಡಿಸಿದಳು. ನನ್ನ ಸಸಿಗಳನ್ನು ಚೆನ್ನಾಗಿ ನೋಡಿಕೊಂಡಿದ್ದೀಯಮ್ಮ ಎಂದು ಹರಕು ಹಿಂದಿಯಲ್ಲಿ ಹೊಗಳಿದೆ. ಅವಳ ಮುಖ ಅರಳಿತು. ಅದು ಸಾಹೇಬರ ಮೌಸಿಯ, ಎಂದರೆ ದೊಡ್ಡಮ್ಮನ, ಬೀಜದ್ದೆಂದು ತಿಳಿದ ದಿನದಿಂದ ಆ ಪಾತಿಗೆ ಎರಡು ಹಂಡೆ ನೀರು, ಆಗಾಗ ಸಗಣಿಯ ಗೊಬ್ಬರವನ್ನೂ ಹಾಕುತ್ತಿದ್ದಳಂತೆ. ಉಳಿದವಕ್ಕೆ ಒಂದೇ ಹಂಡೆ.

"ದೂರ್ ಸೆ ಆಯಾ ಮೆಹಮಾನ್ ಹೈ ನಾ, ಮಾಜೀ. ಮೆಹಮಾನ್ ಕೋ ಏಕ್ ಹಂಡಾ ಕೈಸೆ ದೇಂಗೆ?"

ದೂರದಿಂದ ಬಂದ ಅತಿಥಿಗೆ ಒಂದೇ ಹಂಡೆ ಕೊಡುವುದು ಹೇಗೆ ಎಂದು ಅವಳ ಪ್ರಶ್ನೆ. ರಘುವಿನ ಕೈಯಲ್ಲಿದ್ದ ಭಾಕ್ರಿ ಅಲ್ಲೇ ನಿಂತಿತು. ಅವಳನ್ನು ಬೈಯಲಿಲ್ಲ. ಬೈಯುವುದು ಯಾವುದಕ್ಕೆ, ಆದರಕ್ಕೆ? ಎದ್ದು ಹೋಗಿ ಪಾತಿಯ ಮುಂದೆ ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕೂತ. ಆ ಹಸುರು ಹುಣಸೂರಿನದೋ ಹಂಡೆಯದೋ ಈಗ ಹೇಗೆ ಹೇಳುವುದು ಎಂದು ಕೇಳಿದೆ. ಹೇಳಲು ಬಾರದು, ವರ್ಷದ ಎಕ್ಸ್‌ಪೆರಿಮೆಂಟ್ ಕೆಟ್ಟಿತು ಎಂದ. ಒಂದೇ ಹಂಡೆಯಲ್ಲಿ ಬೆಳೆದವುಗಳ ಪೈಕಿ ಇಲ್ಲೇ ಪಕ್ಕದ ಥಾಣೆಯ ಕಾಡಿನ ಬೀಜದ್ದು ಪರವಾಗಿಲ್ಲವಂತೆ. ಗಿಡ್ಡ, ಆದರೆ ಸತ್ತದ್ದು ಕಡಿಮೆ.

ನನ್ನತ್ತ ತಿರುಗಿ, "ನಿಮ್ಮ ಬೀಜ ನಿಜಕ್ಕೂ ಒಳ್ಳೇದೇ ಇರಬಹುದು. ನೀವು ಹೂಂ ಅಂದ್ರೆ ಅದನ್ನೇ ಬರೀತೀನಿ, ದೊಡ್ಡಮ್ಮ," ಎಂದ.

ಹೂಂ ಎನ್ನಲು ಬಾಯಿ ತೆರೆದಿದ್ದೆ. ಪೈಪಿನ ಹೊಗೆಯ ವಾಸನೆ ಕೂಡ ಬಂದ ಹಾಗಾಯಿತು. ಆದರೆ ಎದುರಿಗೆ ಆ ಗುಡ್ಡ, ಬಿಸಿಲಿಗೆ ಕಾದ ಕಾವಲಿಯ ಹಾಗೆ.

"ಅಲ್ಲಿಗೆ ಹಂಡೆ ಹೊತ್ತುಕೊಂಡು ಹೋಗೋರು ಯಾರಪ್ಪಾ?"

"ಯಾರೂ ಇಲ್ಲ."

"ಹಾಗಾದ್ರೆ ಥಾಣೇದೇ ಬರಿ."

ಸರಿ ಮಾಡಿದೆನೋ ಇಲ್ಲವೋ ಈಗಲೂ ತಿಳಿಯದು. ಎಲ್ಲಕ್ಕೂ ನೆಲವೇ ಮುಖ್ಯ ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳುತ್ತಿದ್ದರು. ಬೀಜದಂತೆ ಮರ ಎಂದು ನಮ್ಮತ್ತೆ. ನಡುವೆ ಒಬ್ಬ ಸಖೂಬಾಯಿ ಇರುತ್ತಾಳೆಂದು ಇಬ್ಬರೂ ಹೇಳಲಿಲ್ಲ.

ನನ್ನ ಪಾತಿಯನ್ನು ಕೀಳುವುದಿಲ್ಲ, ಇನ್ನು ಮೇಲೆ ಎಲ್ಲದರ ಹಾಗೆ ಒಂದೇ ಹಂಡೆ ಕೊಟ್ಟು ಇನ್ನೊಂದು ವರ್ಷ ನೋಡುತ್ತೇನೆ ಎಂದು ರಘು ಮಾತು ಕೊಟ್ಟ. ಸಖೂಬಾಯಿಗೂ ತಿಳಿಹೇಳಿದ. ಅವಳಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ.

ಹೊರಡುವಾಗ ಅವಳು ಸಂಜೆಯ ನೀರು ಹಾಕುತ್ತಿದ್ದಳು. ನನ್ನ ಪಾತಿಗೆ ಒಂದು ಹಂಡೆ ಸುರಿದಳು. ತೊಟ್ಟಿಗೆ ಹೋಗಿ ಮತ್ತೆ ತುಂಬಿಕೊಂಡು ಬಂದು, ಅದೇ ಪಾತಿಯ ಪಕ್ಕ ನಿಂತು, ಗೇಟಿನಲ್ಲಿದ್ದ ನನ್ನ ಮುಖ ನೋಡಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದು, ಆಮೇಲೆ ಹಂಡೆಯನ್ನು ಸೊಂಟಕ್ಕೆ ಏರಿಸಿಕೊಂಡು ಮುಂದಿನ ಪಾತಿಗೆ ಹೋದಳು.