ನೀರಿನ ಮೊರ

ಸಂಕ್ರಾಂತಿ ಅಂದರೆ ಸೂರ್ಯ ದಾರಿ ಬದಲಿಸುವ ದಿನ ಅಂತ ಪಂಚಾಂಗ ಓದುವವರು ಹೇಳುತ್ತಾರೆ. ನಮ್ಮಜ್ಜಿ ಅದನ್ನು ಒಪ್ಪಿದವಳಲ್ಲ. ಅವಳ ಪ್ರಕಾರ ಹಬ್ಬ ಹುಟ್ಟಿದ್ದು ಕಣದಲ್ಲಿ. ಭತ್ತ ಬಡಿದು, ತೂರಿ, ರಾಶಿ ಮಾಡಿ, ನೆತ್ತಿಗೆ ಸಗಣಿಯ ಬೆನಕನನ್ನಿಟ್ಟ ಮೇಲೂ ಆ ರಾಶಿ ನಮ್ಮದಾಗುವುದಿಲ್ಲ. ಪೈರಿಗೆ ನೆರವಾದವರಿಗೆಲ್ಲ ಮೊರದಲ್ಲಿ ತುಂಬಿ ಕೊಟ್ಟು, ಉಳಿದದ್ದಷ್ಟೇ ಮನೆಗೆ. ಅದನ್ನು ಕುಟ್ಟಿ, ಬೇಯಿಸಿ, ಎಲ್ಲರೂ ಒಟ್ಟಿಗೆ ಕೂತು ಉಂಡ ದಿನವೇ ಹಬ್ಬವಾಯಿತಂತೆ. ಮೊದಲ ಮೊರ ನೀರಿನದು. ಯಾರ ಗದ್ದೆ ಹಾದು ನಮಗೆ ನೀರು ಬರುತ್ತದೋ ಅವರ ಮನೆಗೆ.

ನಮಗೆ ನೀರು ಬರುವುದು ದೊಡ್ಡಪ್ಪನ ಗದ್ದೆ ಮೇಲಿಂದ. ತೊಂದರೆ ಇರುವುದೇ ಅಲ್ಲಿ.

ಮೂರು ವರ್ಷದ ಹಿಂದೆ, ತೆನೆ ಕಟ್ಟುವ ಹೊತ್ತಿನಲ್ಲಿ, ದೊಡ್ಡಪ್ಪ ನಮಗೆ ನೀರು ಬಿಡುವ ಬದುವಿನ ಗಂಡಿ ಮುಚ್ಚಿದರು. ಅಪ್ಪ ಗುದ್ದಲಿ ತಗೊಂಡು ಹೋಗಿ ಒಡೆದರು. ದೊಡ್ಡಪ್ಪ ಹಿಂದಿನ ದಿನವಷ್ಟೇ ಎರಚಿದ್ದ ಗೊಬ್ಬರವೆಲ್ಲ ನೀರಿನ ಜೊತೆ ನಮ್ಮ ಗದ್ದೆಗೆ ಬಂತು. ಅಲ್ಲಿಂದ ಮಾತಿಲ್ಲ. ಮದ್ದೂರಿನ ಬಸ್ಸಿಗೆ ಒಬ್ಬರು ಹತ್ತಿದರೆ ಇನ್ನೊಬ್ಬರು ಮುಂದಿನದಕ್ಕೆ ಕಾಯುತ್ತಾರೆ. ಆದರೂ ನೀರಿನ ಮೊರ ಮಾತ್ರ ತಪ್ಪಿರಲಿಲ್ಲ. ಅಜ್ಜಿಯೇ ಹೊತ್ತುಕೊಂಡು ಹೋಗಿ ಹಿರಿಮಗನ ಮನೆಗೆ ಸುರಿದು ಬರುತ್ತಿದ್ದಳು.

ಈ ಸಲ ಅವಳ ಮಂಡಿ ಏಳಗೊಡಲಿಲ್ಲ. ಕಣ್ಣಂತೂ ಮೊದಲೇ ಮಂಜು. ಕೊಯ್ಲಿನ ಉಸ್ತುವಾರಿ ನನ್ನ ಪಾಲಿಗೆ ಬಂದಿತ್ತು. ಮಂಡ್ಯದಲ್ಲಿ ಕೆಲಸ ಮಾಡುವ ನನಗೆ ಸಿಕ್ಕಿದ್ದು ಎರಡೇ ದಿನದ ರಜ. ಕಟಾವು ಮಿಷನ್ನು ತರಿಸಿದೆ. ಅದು ಉಗುಳಿದ ಭತ್ತ ಗದ್ದೆಯಿಂದಲೇ ವ್ಯಾಪಾರಿಯ ಟ್ರ್ಯಾಕ್ಟರು ಹತ್ತಿ ಹೋಯಿತು. ರಾಶಿ ಎನ್ನುವುದೊಂದು ಇದೆ ಅಂತ ನೆನಪಾಗಿದ್ದು ಹಬ್ಬದ ಬೆಳಿಗ್ಗೆ, ಅಜ್ಜಿ ಸಗಣಿ ಕೇಳಿದಾಗ.

ಯಲಿಯೂರಿನ ಗೆಳೆಯನ ಮನೆಯಿಂದ ಒಂದು ಮೂಟೆ ಬೈಕಿನಲ್ಲಿ ತಂದು ಜಗಲಿ ಮೇಲೆ ಸುರಿದೆ. ಅಪ್ಪ ನೋಡಿದರು. "ಭತ್ತ ಭತ್ತನೇ, ಬುಡ್ಲಾ. ಅವನಿಗೆ ಇದೇ ಜಾಸ್ತಿ" ಅಂದರು.

ಅಜ್ಜಿ ಕೂತಲ್ಲೇ ಪೂಜೆ ಮಾಡಿ ಮೊರ ತುಂಬಿಸಿದಳು. "ನೀರಿನ ಮೊರ ಅವನ ಒಸ್ಲು ದಾಟೋಗಂಟ ನಾನು ಬಾಯಿಗೆ ತುತ್ತು ಇಡಕ್ಕಿಲ್ಲ. ಬಿರ್ನೆ ಓಗು, ಮಗ."

ದೊಡ್ಡಪ್ಪ ತಮ್ಮ ಮನೆ ಜಗಲಿಯಲ್ಲೇ ಇದ್ದರು. ಬಾ ಅನ್ನಲಿಲ್ಲ. ನಾಲ್ಕು ಕಾಳು ಅಂಗೈಗೆ ಹಾಕಿ ಉಜ್ಜಿದರು, ಒಂದನ್ನು ಹಲ್ಲಿಗಿಟ್ಟು ಕಡಿದು ಉಗಿದರು.

"ಎಲ್ಲಿಂದ ತಂದ್ಲಾ ಇದ?"

"ನಮ್ಮ ಗದ್ದೇದೇ, ದೊಡ್ಡಪ್ಪ."

"ನಿಮ್ಮ ಗದ್ದೇಲಿ ಬೆಳ್ದಿದ್ದು ದಪ್ಪ ಭತ್ತ. ಇದು ಸಣ್ಣದು. ನನ್ನ ನೀರು ಕುಡಿದಿದ್ದ ಮಾರ್ಕೊಂಡು, ಯಾವನ ಮನೇದೋ ತಂದು ನನಗೆ ಸುರೀತೀಯಾ? ನಿಮ್ಮಪ್ಪ ಹೇಳ್ಕೊಟ್ಟನಾ, ಇಲ್ಲಾ ನಿಂದೇ ಬುದ್ಧಿನಾ?"

ನಂದೇ ಅಂದೆ. ಅವರು ಮೊರವನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು. ಆಮೇಲಿನ ಮಾತೆಲ್ಲ ಬೀದಿಗೇ ಕೇಳಿಸುವ ಹಾಗಿತ್ತು. ನಾನು ಮನೆ ಸೇರುವ ಮೊದಲೇ ಅಜ್ಜಿಗೆ ಗೊತ್ತಾಗಿತ್ತು.

"ಕಣ್ಣು ಕಾಣಕ್ಕಿಲ್ಲ ಅಂತ ನನ್ನ ಕೈಯಲ್ಲೂ ಸುಳ್ಳು ಪೂಜೆ ಮಾಡ್ಸುದ್ರಾ?" ಅಂದವಳು ಗೋಡೆಗೆ ಮುಖ ಮಾಡಿ ಕೂತಳು. ಕಾಫಿ ಕೊಟ್ಟರೆ ಲೋಟ ಪಕ್ಕಕ್ಕೆ ಸರಿಸಿದಳು. ಮಧ್ಯಾಹ್ನದ ತಟ್ಟೆಯನ್ನೂ ಸರಿಸಿದಳು.

"ಅವನೊಬ್ಬ ದೊಡ್ಡ ಮನುಷ್ಯ. ಬ್ಯಾಡ ಅಂದ್ರೆ ಬುಡ್ಲಿ. ನೀನು ಉಣ್ಣವ್ವ" ಅಂದರು ಅಪ್ಪ.

ಕುಡುಗೋಲು ತಗೊಂಡು ಗದ್ದೆಗೆ ಹೋದೆ. ಅಪ್ಪನನ್ನು ಕರೆದೆ, ಬರಲಿಲ್ಲ. ಮಿಷನ್ನು ತಿರುಗಲಾರದ ಮೂಲೆಗಳಲ್ಲಿ ಒಂದಷ್ಟು ತೆನೆ ನಿಂತಿತ್ತು, ಹಕ್ಕಿ ತಿಂದು ಬಿಟ್ಟಿದ್ದು. ಕೊಯ್ದೆ. ಬದುವಿನ ಮೇಲೆ ಟವೆಲು ಹಾಸಿ ಕಾಲಲ್ಲಿ ತುಳಿದು ಉದುರಿಸಿದೆ. ತೂರಲು ಬರದೆ ಅರ್ಧ ಧೂಳು ಕಣ್ಣಿಗೇ ಬಿತ್ತು. ಎರಡು ಗಂಟೆಯ ಕೆಲಸಕ್ಕೆ ಮೊರದ ತಳ ಮುಚ್ಚುವಷ್ಟಾಯಿತು.

ದೊಡ್ಡಪ್ಪ ಮತ್ತೆ ಉಜ್ಜಿದರು, ಮತ್ತೆ ಕಡಿದರು. ಈ ಸಲ ಉಗಿಯಲಿಲ್ಲ.

"ಇಷ್ಟೇಯಾ?"

"ಉಳಿದಿದ್ದು ಇಷ್ಟೇ."

"ತೂರಕ್ಕೂ ಬರಲ್ಲ. ಯಾವ ಸೀಮೆ ಒಕ್ಕಲಿನೋರ್ಲಾ ನೀವು."

ಒಳಗೆ ಒಯ್ದು ಸುರಿದುಕೊಂಡರು. ಬಂದ ಮೊರವನ್ನು ಬರಿದಾಗಿ ಕಳಿಸುವ ಪದ್ಧತಿ ಇಲ್ಲ. ತಮ್ಮ ಗದ್ದೆಯ ಹೊಸ ಅಕ್ಕಿ ಒಂದು ಸೇರು, ಮೇಲೊಂದು ಬೆಲ್ಲದಚ್ಚು ಹಾಕಿ ಕೊಟ್ಟರು. "ಇದು ನಮ್ಮವ್ವನಿಗೆ. ನಿಮ್ಮಪ್ಪ ಮುಟ್ಟಿದ ಅಂತ ಗೊತ್ತಾದ್ರೆ ಬೇಸಿಗೆ ಪೈರಿಗೆ ಗಂಡಿ ತೆಗೆಯಕ್ಕಿಲ್ಲ. ಓಗು."

ಆ ಅಕ್ಕಿಯಲ್ಲೇ ಪೊಂಗಲು ಮಾಡಿದ್ದಾಯಿತು. ಅಜ್ಜಿ ಮೊದಲ ತುತ್ತು ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡಳು, ಆಮೇಲೆ ಇನ್ನೊಂದು ಸೌಟು ಹಾಕಿಸಿಕೊಂಡಳು. "ನಿಮ್ಮಪ್ಪನಿಗೂ ಬಡ್ಸು" ಅಂದಳು. ದೊಡ್ಡಪ್ಪ ಹೇಳಿ ಕಳಿಸಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಅಕ್ಕಿ ಯಾವ ಮನೆಯದು ಅಂತ ಗೊತ್ತಾದ ಕೂಡಲೇ ಅಪ್ಪ ತಟ್ಟೆ ಬಿಟ್ಟು ಎದ್ದು ಹೋಗಿ ಹಟ್ಟಿಯಲ್ಲಿ ದನಗಳಿಗೆ ಹುಲ್ಲು ಹಾಕುತ್ತಿದ್ದರು.