ಬಾಲ್ಕನಿಯವರ ಅಭಿಪ್ರಾಯ

ನನಗೆ ತೆಲುಗು ಬರುವುದಿಲ್ಲ. ಈ ಮೂರೇ ಶಬ್ದ ಬಾಯಿಬಿಟ್ಟು ಹೇಳುವುದಕ್ಕೆ ಮುಂಬಯಿಗೆ ಬಂದ ಮೇಲೆ ನನಗೆ ಎಂಟು ವರ್ಷ ಹಿಡಿಯಿತು. ಅಲ್ಲಿಯವರೆಗೆ ಜೋಗೇಶ್ವರಿಯ ನಮ್ಮ ಬಿಲ್ಡಿಂಗಿನಲ್ಲಿ, ಆಫೀಸಿನಲ್ಲಿ, ಕನ್ನಡ ಸಂಘದಲ್ಲಿ ನಾನು ತೆಲುಗು ಬಲ್ಲವನೆಂದೇ ಹೆಸರಾಗಿದ್ದೆ. ತಪ್ಪು ಪೂರ್ತಿ ನನ್ನದೆನ್ನಲಾರೆ. ಬೆಂಗಳೂರಿನವನಿಗೆ ತೆಲುಗು ಬಂದೇ ಬರುತ್ತದೆ ಎಂದು ಅವರೆಲ್ಲ ನಂಬಿದ್ದರು. ಒಳ್ಳೆಯವರ ನಂಬಿಕೆ ಕೆಡಿಸಬಾರದೆಂದು ನಾನು ಸುಮ್ಮನಿದ್ದೆ. ಚಿಕ್ಕಂದಿನಲ್ಲಿ ನಮ್ಮ ಬೀದಿಗೆ ಸೊಪ್ಪು ಹೊತ್ತು ತರುತ್ತಿದ್ದವಳು ತೆಲುಗಿನವಳು. ಅವಳ ಜೊತೆ ಅಮ್ಮ ಚೌಕಾಸಿ ಮಾಡುವುದನ್ನು ಕೇಳಿ ಕೇಳಿ ಸೊಪ್ಪು ಬಾಡಿದೆ ಎನ್ನುವುದನ್ನು ಮಾತ್ರ ತೆಲುಗಿನಲ್ಲಿ ಧಾರಾಳವಾಗಿ ಹೇಳಬಲ್ಲೆ. ಅದರಾಚೆಗೆ ‘ಅವುನು’, ‘ಕಾದು’, ‘ಚಾಲಾ ಬಾಗುಂದಿ’. ಹೌದು, ಅಲ್ಲ, ಬಹಳ ಚೆನ್ನಾಗಿದೆ. ಇಷ್ಟು ಬಂಡವಾಳದಲ್ಲಿ ಒಬ್ಬ ಮನುಷ್ಯ ಮುಂಬಯಿಯಲ್ಲಿ ಎಂಟು ವರ್ಷ ವಿದ್ವಾಂಸನಾಗಿ ಬದುಕಬಹುದು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಆ ಗೌಡಿಕೆಯ ಸುಖ ಅನುಭವಿಸಿದವನಿಗೇ ಗೊತ್ತು.

ಆಗ, ಅಂದರೆ ಎಪ್ಪತ್ತರ ದಶಕದ ಮೊದಮೊದಲಲ್ಲಿ, ದಕ್ಷಿಣದ ಸಿನಿಮಾ ನೋಡಬೇಕೆಂದರೆ ನಮಗೆ ಭಾನುವಾರ ಬೆಳಗಿನ ಆಟವೇ ಗತಿ. ಮಧ್ಯಾಹ್ನದಿಂದ ಮುಂದಕ್ಕೆ ತೆರೆ ಹಿಂದಿಯವರದು. ಅವರಿನ್ನೂ ಹಲ್ಲುಜ್ಜುವ ಹೊತ್ತಿನಲ್ಲಿ ಅದು ನಮಗೆ ಸಿಗುತ್ತಿತ್ತು. ಒಂದು ವಾರ ತಮಿಳು, ಇನ್ನೊಂದು ವಾರ ತೆಲುಗು, ಕನ್ನಡ ಬಂದರೆ ಹಬ್ಬ. ಯಾವುದು ಬಂದರೂ ನಾವು ಹೋಗುತ್ತಿದ್ದೆವು. ತೆರೆಯ ಮೇಲೆ ಒಬ್ಬ ಹೆಂಗಸು ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಇಟ್ಟರೆ ಸಾಕು, ಮಿಕ್ಕ ಕಥೆ ಯಾವ ಭಾಷೆಯಲ್ಲಿದ್ದರೂ ನಮ್ಮದೇನೂ ಅಡ್ಡಿಯಿಲ್ಲ. ನನ್ನ ಹೆಂಡತಿ ವಿಶಾಲುವಿಗಂತೂ ವಾರದಲ್ಲಿ ಆರು ದಿನ ಎರಡು ಕೋಣೆ ಮತ್ತು ಒಂದು ನಲ್ಲಿ, ಏಳನೆಯ ದಿನ ಈ ತಿರುಗಾಟ. ಶನಿವಾರವೇ ಸೀರೆ ತೆಗೆದಿಟ್ಟು, ಭಾನುವಾರ ಲೋಕಲ್‌ನ ಕಿಟಕಿ ಪಕ್ಕ ಕೂತರೆ ಗ್ರಾಂಟ್ ರೋಡ್ ಬರುವವರೆಗೂ ಮಾತು ನಿಲ್ಲಿಸುತ್ತಿರಲಿಲ್ಲ. ನಾನು ಸಿನಿಮಾಕ್ಕಿಂತ ಹೆಚ್ಚಾಗಿ ಆ ಮಾತಿಗೇ ಹೋಗುತ್ತಿದ್ದೆ ಎನ್ನುವುದು ನನಗೆ ಆಗ ಗೊತ್ತಿರಲಿಲ್ಲ.

ನಮ್ಮ ಸಂಘಕ್ಕೊಂದು ಕೈಬರಹದ ಮಾಸಪತ್ರಿಕೆ ಇತ್ತು. ಇದ್ದದ್ದು ಒಂದೇ ಪ್ರತಿ. ಕೊನೆಯ ಪುಟದಲ್ಲಿ ಸದಸ್ಯರ ಹೆಸರುಗಳ ಪಟ್ಟಿ. ಓದಿದವರು ತಮ್ಮ ಹೆಸರಿನ ಮುಂದೆ ಸಹಿ ಮಾಡಿ ಮುಂದಿನ ಮನೆಗೆ ದಾಟಿಸಬೇಕು. ಹೀಗೆ ಅದು ಜೋಗೇಶ್ವರಿಯಿಂದ ಹೊರಟು, ಹಲವರ ಮನೆಯ ಸಾರಿನ ಕಲೆಗಳನ್ನು ಹೊತ್ತು ಪರೇಲ್ ಮುಟ್ಟುತ್ತಿತ್ತು. ಅದರಲ್ಲಿ ‘ನೋಡಿದವರು ಕಂಡಂತೆ’ ಎಂಬ ಅಂಕಣ ನನ್ನದು. ಆಟ ಮುಗಿದ ಮೇಲೆ ನಮ್ಮವರೆಲ್ಲ ಥಿಯೇಟರಿನ ಎದುರಿಗಿದ್ದ ಭಟ್ಟರ ಹೋಟೆಲಿಗೆ ಇಡ್ಲಿ ತಿನ್ನಲು ನುಗ್ಗುತ್ತಿದ್ದರು. ನಾನು ಡೈರಿ ಹಿಡಿದು ಮೇಜಿನಿಂದ ಮೇಜಿಗೆ ಹೋಗಿ ಅಭಿಪ್ರಾಯ ಕೇಳುತ್ತಿದ್ದೆ.

ಅಭಿಪ್ರಾಯ ಎನ್ನುವುದು ವಿಚಿತ್ರವಾದ ಪದಾರ್ಥ. ಸಿನಿಮಾ ಹೇಗಿತ್ತು ಎಂದು ಕೇಳಿದರೆ ನಮ್ಮವರು ಮೊದಲು ಪಕ್ಕದವರ ಮುಖ ನೋಡುತ್ತಾರೆ. ಪಕ್ಕದವರು ಅವರ ಪಕ್ಕದವರ ಮುಖ ನೋಡುತ್ತಾರೆ. ಕೊನೆಯ ಕುರ್ಚಿಯಲ್ಲಿ ಕೂತು ಚಟ್ನಿ ಕೇಳುತ್ತಿದ್ದವನು ಏನಂದನೋ ಅದೇ ಇಡೀ ಮೇಜಿನ ಅಭಿಪ್ರಾಯ. ನಮ್ಮ ಹಳೆಯ ಅಲಂಕಾರಶಾಸ್ತ್ರದವರು ನೋಡುಗನಿಗೆ ಸಹೃದಯ ಎಂಬ ದೊಡ್ಡ ಹೆಸರಿಟ್ಟು, ಅವನ ಮನಸ್ಸು ಕನ್ನಡಿಯ ಹಾಗೆ ತಿಳಿಯಾಗಿರಬೇಕು ಎಂದರು. ಅವರು ಭಾನುವಾರದ ಹೋಟೆಲು ನೋಡಿರಲಿಲ್ಲ. ಅತ್ಯಂತ ಖಚಿತವಾದ ಅಭಿಪ್ರಾಯ ಇರುತ್ತಿದ್ದದ್ದು ಗಲ್ಲಾದ ಮೇಲೆ ಕೂತಿರುತ್ತಿದ್ದ ಭಟ್ಟರದು. ಬೆಳಗಿನ ವ್ಯಾಪಾರ ಬಿಟ್ಟು ಅವರು ಒಂದು ಸಿನಿಮಾವನ್ನೂ ನೋಡಿದವರಲ್ಲ.

ಆ ಭಾನುವಾರ ಬಂದದ್ದು ತೆಲುಗಿನ ಒಂದು ಸೈಕಲಾಜಿಕಲ್ ಥ್ರಿಲ್ಲರ್. ಪೋಸ್ಟರಿನಲ್ಲಿ ಇಂಗ್ಲಿಷಿನಲ್ಲೇ ಹಾಗೆ ಅಚ್ಚಾಗಿತ್ತು. ಬಿ.ಎ.ಯಲ್ಲಿ ಮನಶ್ಶಾಸ್ತ್ರದ ಒಂದು ಅಧ್ಯಾಯ ಓದಿದ್ದವನು ಇಡೀ ಬಳಗದಲ್ಲಿ ನಾನೊಬ್ಬನೇ. ತೆಲುಗೂ ನನ್ನದು, ಸೈಕಾಲಜಿಯೂ ನನ್ನದು. ಬಾಲ್ಕನಿಯಲ್ಲಿ ಒಂದು ಕಡೆ ವಿಶಾಲು, ಇನ್ನೊಂದು ಕಡೆ ನಮ್ಮ ಬಿಲ್ಡಿಂಗಿನ ಬಸಣ್ಣ. ಅವರು ಗದಗಿನ ಕಡೆಯವರು, ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ನಡೆಸುವವರು. ಕಥೆ ಹೀಗೆ. ಒಂದು ದೊಡ್ಡ ಬಂಗಲೆ, ತಾಯಿತಂದೆಯಿಲ್ಲದ ಒಬ್ಬ ಹುಡುಗಿ, ಅವಳ ಸೋದರಮಾವ, ಮನಸ್ಸಿನ ರೋಗ ನೋಡುವ ಒಬ್ಬ ಡಾಕ್ಟರು. ಯಾರೋ ಆ ಹುಡುಗಿಗೆ ಹುಚ್ಚು ಹಿಡಿಸಲು ನೋಡುತ್ತಿದ್ದಾರೆ. ಇಂಟರ್ವಲ್‌ವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಮಾವ ಮೆಟ್ಟಿಲಿನಿಂದ ಉರುಳಿ ಸತ್ತ. ಅವನ ಫೋಟೋಗೆ ಹಾರವೂ ಬಿತ್ತು. ಐದು ನಿಮಿಷ ಬಿಟ್ಟು ನೋಡಿದರೆ ಅದೇ ಮಾವ ಎಲೆಯ ಮುಂದೆ ಕೂತು ಇನ್ನೊಂದು ಸೌಟು ಸಾರು ಹಾಕಿಸಿಕೊಳ್ಳುತ್ತಿದ್ದಾನೆ.

“ಸರ್ರ, ಹಂಗಾರ ಈ ಮಾವ ಸತ್ತಾನೋ ಇದ್ದಾನೋ?” ಎಂದರು ಬಸಣ್ಣ.

ನಾನು ಒಂದು ಕ್ಷಣವೂ ತಡಮಾಡಲಿಲ್ಲ. ಇದು ಮಾವ ಅಲ್ಲ, ಆ ಹುಡುಗಿಯ ಮನಸ್ಸು ಎಂದೆ. ಬಸಣ್ಣ ಅದನ್ನು ಹಿಂದಿನ ಸಾಲಿಗೆ ದಾಟಿಸಿದರು, ಅವರು ಅವರ ಹಿಂದಿನವರಿಗೆ. ಮನಸ್ಸು ಮನಸ್ಸು ಎಂದು ಬಾಲ್ಕನಿಯೆಲ್ಲ ಪಿಸುಗುಟ್ಟಿ ಸಮಾಧಾನಪಟ್ಟುಕೊಂಡಿತು. ಅಷ್ಟರಲ್ಲಿ ಕೆಳಗೆ ಮುಂದಿನ ಸೀಟುಗಳಲ್ಲಿ ಕೂತಿದ್ದ ತೆಲುಗಿನವರು ಎದ್ದು ನಿಂತು, ಆಪರೇಟರನ ಕಿಂಡಿಯತ್ತ ಕೈ ಬೀಸಿ ಗಲಾಟೆ ಶುರುಮಾಡಿದರು. ಏನಂತಾರ್ರಿ ಎಂದು ಬಸಣ್ಣ ಕೇಳಿದರು. ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ. ತುಂಬಾ ಭಯವಾಗುತ್ತಿದೆ ಅನ್ನುತ್ತಿದ್ದಾರೆ ಎಂದೆ. ಪಾಪ, ಇಂಥ ಚಿತ್ರ ನೋಡಿ ಅವರಿಗೆ ಅಭ್ಯಾಸವಿಲ್ಲ ಎಂದೂ ಸೇರಿಸಿದೆ.

ಹೋಟೆಲಿನಲ್ಲಿ ಅವತ್ತು ಅಭಿಪ್ರಾಯಗಳ ಸುಗ್ಗಿ. ಸತ್ತವನು ಊಟಕ್ಕೆ ಕೂತ ದೃಶ್ಯವನ್ನು ಹೊಗಳದವರಿಲ್ಲ. ನಮ್ಮವರಿಗೆ ಇಂಥದ್ದು ಮಾಡಲು ಇನ್ನೂ ಇಪ್ಪತ್ತು ವರ್ಷ ಬೇಕು ಎಂದರು ಒಬ್ಬರು. “ನಾನು ಹೇಳ್ಲಿಲ್ವಾ ಮಾರಾಯ್ರೆ, ತೆಲುಗಿನವ್ರು ಭಾರಿ ಮುಂದೆ ಹೋಗಿದ್ದಾರೆ” ಎಂದು ಭಟ್ಟರು ಗಲ್ಲಾದಿಂದಲೇ ತೀರ್ಪು ಕೊಟ್ಟರು. ನಾನು ಬರೆಯುತ್ತಲೇ ಇದ್ದೆ. ಆಗ ವಿಶಾಲು, ಎಲ್ಲರಿಗೂ ಕೇಳುವ ಹಾಗೆ, “ರೀ, ರೀಲಿನ ಡಬ್ಬ ಹಿಂದುಮುಂದಾಗಿದೆ ಕಣ್ರೀ” ಎಂದಳು. ಸಾಯುವಾಗ ಆ ಮಾವನ ಕೈಗೆ ಬಿಳಿ ಪಟ್ಟಿ ಕಟ್ಟಿತ್ತಂತೆ. ಸಾರು ಹಾಕಿಸಿಕೊಳ್ಳುವಾಗ ಕೈ ನೆಟ್ಟಗಿತ್ತಂತೆ. ಅದಾದ ಮೇಲೆ ಗಾಜು ತಗುಲಿ ಕೈ ಕುಯ್ದು ಪಟ್ಟಿ ಕಟ್ಟಿಸಿಕೊಂಡನಂತೆ.

ನಾನು ಜೋರಾಗಿ ನಕ್ಕೆ. ಇದು ಮನಶ್ಶಾಸ್ತ್ರ ಕಣೇ, ಮೊದಲು ಬೇಳೆ ಆಮೇಲೆ ಒಗ್ಗರಣೆ ಅನ್ನುವುದಕ್ಕೆ ಹುಳಿ ಅಲ್ಲ ಎಂದೆ. ಇಡೀ ಹೋಟೆಲು ನಕ್ಕಿತು. ವಿಶಾಲು ಲೋಟ ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು. ಆ ತಿಂಗಳ ಅಂಕಣದಲ್ಲಿ ಹನ್ನೊಂದು ಜನರ ಅಭಿಪ್ರಾಯ ಬಂತು. ಸಿನಿಮಾ ನೋಡದ ಭಟ್ಟರದೂ ಬಂತು. ಅವಳದು ಬರಲಿಲ್ಲ.

ಮುಂದಿನ ಭಾನುವಾರ ಕನ್ನಡ ಚಿತ್ರವೇ ಬಂದಿತ್ತು. ಹೊರಡು ಎಂದರೆ, ನೀವು ಹೋಗಿಬನ್ನಿ, ನನಗೆ ಸಿನಿಮಾ ಅರ್ಥವಾಗಲ್ಲವಲ್ಲ ಎಂದು ಅಕ್ಕಿ ಆರಿಸುತ್ತ ಕೂತಳು. ಸಿಟ್ಟಿನಿಂದ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಹವಾಮಾನ ಹೇಳುವ ಹಾಗೆ ಹೇಳಿದಳು. ಒಬ್ಬನೇ ಹೋದೆ. ಲೋಕಲ್‌ನಲ್ಲಿ ಕಿಟಕಿ ಪಕ್ಕದ ಜಾಗದಲ್ಲಿ ಯಾರೋ ಮೂಟೆ ಇಟ್ಟುಕೊಂಡು ಕೂತರು. ಕನ್ನಡವೇ ಆದರೂ ಆ ಸಿನಿಮಾ ನನ್ನ ತಲೆಗೆ ಹತ್ತಲಿಲ್ಲ. ಅದರ ಮುಂದಿನ ವಾರವೂ ಇದೇ ಆಯಿತು. ನನ್ನ ಅಂಕಣವನ್ನು ಜನ ಮೆಚ್ಚಿ ಮಾತಾಡುತ್ತಿದ್ದರು, ನನಗೆ ಮನೆಗೆ ಹೋಗಲು ಮುಜುಗರವಾಗುತ್ತಿತ್ತು. ಆದರೂ ತಪ್ಪು ನನ್ನದಿರಬಹುದೆಂದು ಹೊಳೆಯಲಿಲ್ಲ ನೋಡಿ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ಗಿಡದ ಬಗ್ಗೆ ಹೇಳಿದ್ದೆಂದೇ ನಾನು ತಿಳಿದಿದ್ದೆ.

ಹೀಗಿರುವಾಗ ಒಂದು ಶನಿವಾರ ಸಂಜೆ ಬಸಣ್ಣ ಒಬ್ಬ ಅತಿಥಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಮಲ್ಲಯ್ಯ ಎಂದು ಹೆಸರು, ಪರೇಲಿನ ಮಿಲ್ಲಿನಲ್ಲಿ ನೇಯುವವರು, ತೆಲುಗಿನವರು. ನಮ್ಮ ಪತ್ರಿಕೆ ಪರೇಲಿನ ಚಾಳ್ ತಲುಪಿದಾಗ, ಅವರ ಪಕ್ಕದ ಕೋಣೆಯಲ್ಲಿದ್ದ ಬಸಣ್ಣನ ಭಾವಮೈದುನ ನನ್ನ ಅಂಕಣವನ್ನು ಅವರಿಗೆ ಓದಿ ಹೇಳಿದ್ದನಂತೆ. ತೆಲುಗು ಸಿನಿಮಾವನ್ನು ಇಷ್ಟು ಮೆಚ್ಚಿದ, ತೆಲುಗು ಬಲ್ಲ ಕನ್ನಡಿಗನನ್ನು ಕಣ್ಣಾರೆ ನೋಡಬೇಕೆಂದು ಅವರ ಆಸೆ. ಕೂತವರೇ ತೆಲುಗಿನಲ್ಲಿ ಶುರುಮಾಡಿದರು. ನಾನು ‘ಅವುನು’ ಎಂದೆ. ಅವರು ಇನ್ನೇನೋ ಕೇಳಿದರು. ‘ಅವುನು, ಅವುನು’ ಎಂದೆ. ಅವರು ನನ್ನ ಮುಖವನ್ನೇ ನೋಡಿ ಕಾಯುತ್ತಿದ್ದರು. ಪ್ರಶ್ನೆಗೆ ಹೌದು ಎನ್ನುವುದು ಉತ್ತರವಲ್ಲವೆಂದು ಕಾಣುತ್ತದೆ. ‘ಚಾಲಾ ಬಾಗುಂದಿ’ ಎಂದು ಕೊನೆಯ ಬಾಣವನ್ನೂ ಬಿಟ್ಟೆ. ವಿಶಾಲು ಅಡುಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

ಮಲ್ಲಯ್ಯ ದೊಡ್ಡ ಮನುಷ್ಯ. ಏನೂ ಆಗದವರ ಹಾಗೆ ಮುಂಬಯಿ ಹಿಂದಿಗೆ ಇಳಿದರು. ಅವತ್ತು ಕೆಳಗೆ ಎದ್ದು ನಿಂತು ಕೂಗಿದವರಲ್ಲಿ ಅವರೇ ಮೊದಲಿಗರಂತೆ. ಇದ್ದದ್ದು ಒಂದೇ ಪ್ರಿಂಟು, ಇನ್ನೊಂದು ಥಿಯೇಟರಿನಿಂದ ಟ್ಯಾಕ್ಸಿಯಲ್ಲಿ ಬಂದ ಡಬ್ಬಗಳ ಚೀಟಿ ಕಿತ್ತುಹೋಗಿತ್ತು, ತೆಲುಗು ತಿಳಿಯದ ಆಪರೇಟರ್ ಕೈಗೆ ಸಿಕ್ಕಿದ್ದನ್ನು ಮೊದಲು ಹಾಕಿಬಿಟ್ಟಿದ್ದ. ಇವರು ಮೇಲೆ ಹೋಗಿ ಕಿಂಡಿ ತಟ್ಟಿ ಹೇಳಿದರಂತೆ. ಅವನು ಕೆಳಗಿನವರ ಮಾತಿಗೆ ಸೊಪ್ಪು ಹಾಕಲಿಲ್ಲ.

“ಬಾಲ್ಕನಿವಾಲೇ ಚುಪ್ ಬೈಠೇ ಹೈ, ಮತ್‌ಲಬ್ ಪಿಕ್ಚರ್ ಬರೋಬರ್ ಹೈ, ಬೋಲಾ,” ಎಂದು ಮಲ್ಲಯ್ಯ ನಕ್ಕರು. ಬಾಲ್ಕನಿಯವರು ಸುಮ್ಮನೆ ಕೂತಿದ್ದಾರೆ, ಹಾಗಾಗಿ ಸಿನಿಮಾ ಸರಿಯಾಗಿಯೇ ಇದೆ ಎಂದನಂತೆ ಆಪರೇಟರ್. ಬಾಲ್ಕನಿಯನ್ನು ಸುಮ್ಮನಾಗಿಸಿದವನು ಅವರ ಎದುರಿಗೇ ಕೂತಿದ್ದ.

ವಿಶಾಲು ಕಾಫಿ ತಂದಿಟ್ಟಳು. ಅವಳಿಗೆ ಹಿಂದಿ ಅಷ್ಟಕ್ಕಷ್ಟೆ. ಆದರೂ ಸೀದಾ ಮಲ್ಲಯ್ಯನವರನ್ನೇ ಕೇಳಿದಳು: “ಮರ್‌ನೇ ಕೇ ಟೈಮ್ ಹಾಥ್ ಮೇ ಪಟ್ಟಿ ಥಾ ನಾ?” ಸಾಯುವಾಗ ಕೈಯಲ್ಲಿ ಪಟ್ಟಿ ಇತ್ತಲ್ಲವೇ ಎಂದು. ಮಲ್ಲಯ್ಯ ಲೋಟ ಕೆಳಗಿಟ್ಟು, ಇತ್ತು ತಾಯಿ, ನಾನು ಕಂಡುಹಿಡಿದದ್ದೂ ಅದರಿಂದಲೇ ಎಂದರು. ನಾಲ್ಕು ವಾರದಿಂದ ಕಾಣದಿದ್ದ ಒಂದು ನಗು ಅವಳ ಮುಖಕ್ಕೆ ಬಂತು, ಅದು ಬಂದದ್ದು ಮಲ್ಲಯ್ಯನವರ ಕಡೆಗೆ. ನನಗೆ ಹೊಟ್ಟೆಕಿಚ್ಚಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಇಡೀ ಬಾಲ್ಕನಿಯಲ್ಲಿ ಕಣ್ಣುಬಿಟ್ಟು ಸಿನಿಮಾ ನೋಡಿದ್ದವಳು ಇವಳೊಬ್ಬಳೇ, ನಾವೆಲ್ಲ ನಕ್ಕೆವು ಎಂದು ಬಸಣ್ಣನ ಎದುರಿಗೇ ಹೇಳಿದೆ. ಹೇಳುವಾಗ ಅದೂ ಬಂದುಬಿಡಲಿ ಎಂದು, ನನಗೆ ತೆಲುಗು ಬರುವುದಿಲ್ಲ ಎಂದೆ.

“ಅದು ನಂಗೆ ಮದುವೆಯಾದ ವರ್ಷವೇ ಗೊತ್ತಾಯ್ತು,” ಎಂದಳು ವಿಶಾಲು. ಬಸಣ್ಣ ಮಾತ್ರ ಇವತ್ತಿಗೂ ನಂಬಿಲ್ಲ. ಸರ್ ವಿನಯದ ಮನುಷ್ಯ ಎಂದೇ ಹೇಳಿಕೊಂಡು ತಿರುಗುತ್ತಾರೆ.

ಅದೇ ಚಿತ್ರ ಮರುದಿನ ಬೆಳಗಿನ ಆಟಕ್ಕೆ ಮತ್ತೆ ಬರುವುದಿತ್ತು. ಈ ಸಲ ಡಬ್ಬಗಳನ್ನು ತಾವೇ ನಿಂತು ಜೋಡಿಸಿಕೊಡುವುದಾಗಿ ಮಲ್ಲಯ್ಯ ಹೇಳಿ ಹೋದರು. ನೀನೂ ಬರುತ್ತೀಯಾ ಎಂದು ವಿಶಾಲುವನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ. ಬೆಳಿಗ್ಗೆ ನೋಡಿದರೆ ವಿಶಾಲು ಸೀರೆಯುಟ್ಟು ಬಾಗಿಲಲ್ಲಿ ನಿಂತು, ಏಳು ಐವತ್ತರ ಲೋಕಲ್ ತಪ್ಪುತ್ತದೆ ಎಂದು ಅವಸರಿಸುತ್ತಿದ್ದಳು.

ಎಲ್ಲರೂ ಹೋದೆವು. ಮಾವ ಮೊದಲು ಊಟ ಮಾಡಿದ, ಕೈ ಕುಯ್ದುಕೊಂಡ, ಪಟ್ಟಿ ಕಟ್ಟಿಸಿಕೊಂಡ, ಆಮೇಲೆ ಕ್ರಮವಾಗಿ ಸತ್ತ. ಒಂದು ಅನುಮಾನಕ್ಕೂ ಎಡೆಯಿಲ್ಲ. ಯಾರು ಏನು ಮಾಡುತ್ತಾರೆಂದು ಬಸಣ್ಣ ಕಾಲು ಗಂಟೆ ಮೊದಲೇ ಹೇಳುತ್ತಿದ್ದರು. ಆಟ ಮುಗಿದು ಹೋಟೆಲಿಗೆ ಬಂದಾಗ ಎಲ್ಲ ಮೇಜುಗಳೂ ನನ್ನ ಡೈರಿಗಾಗಿ ಕಾಯುತ್ತಿದ್ದವು. ನಾನು ಯಾವ ಮೇಜಿಗೂ ಹೋಗಲಿಲ್ಲ. ವಿಶಾಲುವಿನ ಎದುರಿಗೆ ಕೂತು, ಡೈರಿ ಬಿಚ್ಚಿ, ನಿನ್ನ ಅಭಿಪ್ರಾಯ ಏನು ಎಂದು ಕೇಳಿದೆ. ಭಟ್ಟರೂ ಗಲ್ಲಾದಿಂದ ಕತ್ತು ಉದ್ದ ಮಾಡಿದರು.

ಅವಳು ಯಾರ ಮುಖವನ್ನೂ ನೋಡಲಿಲ್ಲ. ಇಡ್ಲಿಯ ತುಂಡೊಂದನ್ನು ಚಟ್ನಿಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡು, ಪೂರ್ತಿ ಅಗಿದು ನುಂಗಿದಳು.

“ಹೋದ ಸಲ ನೋಡಿದ್ದೇ ಚೆನ್ನಾಗಿತ್ತು. ಬರ್ಕೊಳ್ಳಿ.”

ನನ್ನದೊಂದು ಮಾತೂ ಸೇರಿಸದೆ ಬರೆದುಕೊಂಡೆ.