ದೆವ್ವದ ಡೇರೆಗೆ ಬುತ್ತಿ

ಹೆದರಿಕೆಯನ್ನೂ ಕಾಸು ಕೊಟ್ಟು ಕೊಳ್ಳಬಹುದು ಎಂದು ನನಗೆ ಗೊತ್ತಾದದ್ದು ಚಳ್ಳಕೆರೆಯ ಸಂತೆ ಬಯಲಿನಲ್ಲಿ. ಅಲ್ಲಿಯವರೆಗೆ ನಾನು ಅದನ್ನು ಪುಕ್ಕಟೆಯಾಗಿಯೇ ಅನುಭವಿಸುತ್ತ ಬಂದಿದ್ದೆ. ಮೊಳಕಾಲ್ಮೂರಿನ ನಮ್ಮ ಮನೆಯ ಹಿತ್ತಲಲ್ಲಿ ಒಂದು ಹುಣಸೆಮರವಿದೆ. ದೀಪ ಹಚ್ಚಿದ ಮೇಲೆ ಆ ಕಡೆ ಹೋಗಬೇಕಾಗಿ ಬಂದರೆ ನನಗೆ ಇದ್ದಕ್ಕಿದ್ದಂತೆ ಕೆಮ್ಮು ಬರುತ್ತದೆ. ಕೆಮ್ಮುತ್ತ ಹೋಗಿ ಕೆಮ್ಮುತ್ತ ಬರುತ್ತೇನೆ. ಮನೆಯವರು ಶೀತವೆಂದು ತಿಳಿದು ಕಷಾಯ ಕಾಸಿ ಕೊಡುತ್ತಾರೆ, ನಾನು ಮಾತಾಡದೆ ಕುಡಿಯುತ್ತೇನೆ. ಹಗಲು ಹೊತ್ತಿನಲ್ಲಿ ಮಾತ್ರ ನಮ್ಮ ಸೀರೆ ಅಂಗಡಿಯ ಗಾದಿಯ ಮೇಲೆ ಕುಳಿತು, ದೆವ್ವ ಪಿಶಾಚಿಗಳೆಲ್ಲ ಮನಸ್ಸಿನ ಭ್ರಮೆ ಎಂದು ಗಿರಾಕಿಗಳಿಗೆ ಬಿಡಿಸಿ ಹೇಳುವವನೂ ನಾನೇ. ದುರ್ಗದ ಶಾಲೆಯಲ್ಲಿ ನಾಲ್ಕಕ್ಷರ ಇಂಗ್ಲಿಷು ಕಲಿತವನು ಅಷ್ಟಾದರೂ ಮಾಡಬೇಡವೇ?

ಆ ವರ್ಷ ಮಹಾಲಯ ಅಮಾವಾಸ್ಯೆಗೆ ಇನ್ನು ಕೆಲವೇ ದಿನಗಳಿದ್ದವು. ಮೋಟಾರು ಗಾಡಿಯನ್ನು ನಮ್ಮ ಕಡೆಯವರು ಇನ್ನೂ ಕಿವಿಯಿಂದಷ್ಟೇ ನೋಡಿದ್ದ ಕಾಲ ಅದು. ಚಳ್ಳಕೆರೆಯ ಸಾಹುಕಾರರೊಬ್ಬರು ದಸರೆಗೆಂದು ಹೇಳಿ ನೇಯಿಸಿದ್ದ ರೇಷ್ಮೆ ಸೀರೆಗಳನ್ನು ಅವರ ಮನೆಗೆ ಮುಟ್ಟಿಸಬೇಕಾಗಿತ್ತು. ಗಾಡಿ ಹೊಡೆಯುವ ಓಬಯ್ಯನಿಗೆ ಹೇಳಿ ಎತ್ತುಗಳನ್ನು ಹೂಡಿಸಿದೆ. ಇನ್ನೇನು ಹೊರಡಬೇಕು ಎನ್ನುವಾಗ ನಮ್ಮ ತಿಪ್ಪಮ್ಮತ್ತೆ ಬುತ್ತಿಯ ಗಂಟು ಹಿಡಿದು ಬಂದು ಗಾಡಿ ಹತ್ತಿ ಕುಳಿತಳು.

"ನಾನೂ ಬರ್ತೀನಿ ಕಣೋ. ಚಳ್ಳಕೆರ್ಯಾಗೆ ಯಾವ್ದೋ ಡೇರೆ ಬಂದೈತಂತೆ. ಅದ್ರೊಳಗೆ ಸತ್ತೋರು ಓಡಾಡ್ತಾರಂತೆ. ನೋಡ್ಕಂಡು ಬರಾನ."

ತಿಪ್ಪಮ್ಮತ್ತೆ ನಮ್ಮಪ್ಪನ ತಂಗಿ. ಮಕ್ಕಳಿಲ್ಲ. ಮಾವ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದು ಇದ್ದಳು. ಯಾವುದಕ್ಕೂ ಅಂಜದ ಹೆಂಗಸು. ಹಿತ್ತಲಿಗೆ ಹಾವು ಬಂದರೆ ಅದರ ದಾರಿ ತಪ್ಪಿಸಿದ್ದಕ್ಕೆ ನಮ್ಮನ್ನೇ ಬೈಯುವವಳು. ಆದರೆ ಅವಳನ್ನು ಒಂದು ಕೊರಗು ತಿನ್ನುತ್ತಿತ್ತು. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುವುದು ನಿಮಗೂ ಗೊತ್ತು. ನಮ್ಮಲ್ಲಿ ಮಾಳಿಗೆಯ ಮೇಲೆ ಎಲೆ ಹಾಕಿ, ಹೋಗಿಬಿಟ್ಟವರು ಬದುಕಿದ್ದಾಗ ಇಷ್ಟಪಟ್ಟದ್ದನ್ನೆಲ್ಲ ಬಡಿಸಿ, ಕಾಗೆ ಬಂದು ಮುಟ್ಟುವವರೆಗೆ ಕಾಯುತ್ತಾರೆ. ಅಜ್ಜನ ಎಲೆಗೆ ಕಾಗೆಗಳು ಜಗಳವಾಡಿಕೊಂಡು ಬೀಳುತ್ತಿದ್ದವು. ಮಾವನ ಎಲೆಯನ್ನು ಮಾತ್ರ ಒಂದು ಕಾಗೆಯೂ ಮುಟ್ಟುತ್ತಿರಲಿಲ್ಲ. ಅವರು ಹೋದಂದಿನಿಂದಲೂ ಹೀಗೇ. ಅತ್ತೆ ಹೋಳಿಗೆ ಇಟ್ಟಳು, ವಡೆ ಇಟ್ಟಳು, ಪಾಯಸ ಇಟ್ಟಳು, ಕೊನೆಗೆ ಅವರ ನಸ್ಯದ ಡಬ್ಬಿಯನ್ನೂ ಇಟ್ಟಳು. ಹೊತ್ತು ಇಳಿಯುವತನಕ ಮಾಳಿಗೆಯ ಮೇಲೆ ಕೂತು ಕೂತು, ಕೊನೆಗೆ ಎಲೆಯನ್ನು ಹಸುವಿಗೆ ಹಾಕಿ ಸುಮ್ಮನೆ ಒಳಗೆ ಹೋಗಿಬಿಡುತ್ತಿದ್ದಳು. ಅವತ್ತು ಅವಳು ಉಣ್ಣುತ್ತಿರಲಿಲ್ಲ.

"ಅವ್ರಿಗೆ ನನ್ ಮ್ಯಾಲೆ ಸಿಟ್ಟೈತೆ. ಏನ್ ಬೇಕು ಅಂತ ಒಂದ್ ಮಾತು ಕೇಳ್ಬೇಕಿತ್ತು, ಯಾರನ್ನ ಕೇಳಾನ?" ಎಂದು ಒಮ್ಮೆ ನನ್ನ ಮುಂದೆ ಅಂದಿದ್ದಳು. ಅದನ್ನು ಕೇಳಲಿಕ್ಕೇ ಈಗ ಗಾಡಿ ಹತ್ತಿದ್ದಾಳೆ ಎಂದು ನನಗೆ ಹೊಳೆಯಿತು. ಡೇರೆಯಲ್ಲಿರುವವರು ಬಣ್ಣ ಬಳಿದುಕೊಂಡ ಕೂಲಿಗಳೆಂದು ಕೊಂಡ್ಲಹಳ್ಳಿ ಬರುವವರೆಗೂ ವಿವರಿಸಿದೆ. ಅವಳು "ಹೂಂ" ಅನ್ನುತ್ತ ಅಡಕೆ ಕತ್ತರಿಸುತ್ತ ಕೂತಿದ್ದಳು.

ಹಿಂದೆ ದೂರದಲ್ಲಿ ಜಟಿಂಗ ರಾಮೇಶ್ವರನ ಬೆಟ್ಟ ಕಾಣುತ್ತಿತ್ತು. ನನ್ನ ಪಾಂಡಿತ್ಯ ಅತ್ತ ತಿರುಗಿತು. ಆ ಬೆಟ್ಟದ ಬಂಡೆಯ ಮೇಲೆ ಯಾರೂ ಓದಲಾರದ ಬರಹವೊಂದಿತ್ತಲ್ಲ, ಅದನ್ನು ದೊರೆಗಳ ಕಡೆಯವರು ಬಂದು ಓದಿಸಿಕೊಂಡು ಹೋದರು. ಎಷ್ಟೋ ಕಾಲದ ಹಿಂದಿನ ಯಾರೋ ಚಕ್ರವರ್ತಿ ತಂದೆತಾಯಿಗಳ ಮಾತು ಕೇಳಿ, ಹಿರಿಯರಿಗೆ ತಗ್ಗಿ ನಡೆದುಕೊಳ್ಳಿ ಎಂದು ಕೊರೆಸಿದ್ದಾನಂತೆ ಎಂದು ಅತ್ತೆಗೆ ಹೇಳಿದೆ.

"ಸತ್ ಮ್ಯಾಲೂ ಬುದ್ಧಿ ಹೇಳೋದ್ ಬಿಟ್ಟಿಲ್ಲ ನೋಡು. ಗಂಡಸ್ರ ಜಾತಿನೇ ಹಿಂಗೆ" ಎಂದಳು ಅತ್ತೆ. ಮುಂದೆ ಕೂತಿದ್ದ ಓಬಯ್ಯ ಎಷ್ಟು ನಕ್ಕನೆಂದರೆ ಎತ್ತುಗಳು ನಿಂತುಬಿಟ್ಟವು.

ಮರುದಿನ ಸೀರೆಗಳನ್ನು ಸಾಹುಕಾರರ ಮನೆಗೆ ಮುಟ್ಟಿಸಿ ಸಂತೆ ಬಯಲಿಗೆ ಬಂದೆವು. ಬಳ್ಳಾರಿ ಕಡೆಯಿಂದ ಬಂದ ಕಂಪನಿಯಂತೆ. ನಡುಹಗಲಿನಲ್ಲಿ ಕತ್ತಲೆ ಮಾರುವ ವ್ಯಾಪಾರ. ಬಾಗಿಲಲ್ಲಿ ಹಳೆಯ ಕೋಟು ತೊಟ್ಟ ಯಜಮಾನ ತಮಟೆ ಬಡಿಸುತ್ತ, "ಎದೆ ಗಟ್ಟಿ ಇದ್ದೋರು ಬರ್ರಿ! ಮೆತ್ತಗಿದ್ದೋರು ಮನ್ಯಾಗಿರ್ರಿ!" ಎಂದು ಕೂಗುತ್ತಿದ್ದ. ನನ್ನ ಎದೆ ಯಾವ ಜಾತಿಯದೆಂದು ನನಗೆ ಗೊತ್ತಿತ್ತು. ಆದರೆ ಸುತ್ತ ಪರಿಚಯದ ವ್ಯಾಪಾರಸ್ಥರು ನಿಂತಿದ್ದರು. ಮಾನದ ಮುಂದೆ ಹೆದರಿಕೆ ಎಷ್ಟರದು? ಓಬಯ್ಯನನ್ನು ಜೊತೆಗೆ ಕರೆದೆ.

"ರಾತ್ರಿ ಹೊತ್ತು ಹುಲ್ಲುಗಾವಲಿನಾಗೆ ಒಬ್ನೇ ಗಾಡಿ ಹೊಡೆಯೋನು ನಾನು. ಕಾಸು ಕೊಟ್ಟು ಹೆದರ್ಕಳೋ ಕರ್ಮ ನಂಗೇನೈತೆ ಸ್ವಾಮೇರಾ?" ಎಂದು ಅವನು ಎತ್ತುಗಳ ನೆರಳಿನಲ್ಲಿ ಮಲಗಿಬಿಟ್ಟ.

ಓಬಯ್ಯನ ಪ್ರಶ್ನೆ ಸಣ್ಣದಲ್ಲ. ನಮ್ಮ ಹಿಂದಿನವರು ಭಯವನ್ನೂ ರಸಗಳ ಸಾಲಿನಲ್ಲಿ ಕೂರಿಸಿದ್ದಾರೆ. ಶೃಂಗಾರಕ್ಕೆ ಹಾಸಿದ ಪಂಕ್ತಿಯಲ್ಲೇ ಭಯಾನಕಕ್ಕೂ ಒಂದು ಎಲೆ. ಬೇರೆಯವರ ಭಯವನ್ನು ನೋಡುವಾಗ ಅದು ರಸ ಹೌದು. ನಮ್ಮದೇ ಬೆನ್ನಿಗೆ ತಣ್ಣನೆಯ ಕೈ ತಗುಲಿದಾಗಲೂ ಅದು ರಸವಾಗಿಯೇ ಇರುತ್ತದೆಯೇ ಎಂದು ಆ ಪಂಡಿತರನ್ನು ಕೇಳಬೇಕು. ಅವರು ಯಾರೂ ಚಳ್ಳಕೆರೆಗೆ ಬಂದಿರಲಿಲ್ಲ.

ಬುತ್ತಿಯ ಗಂಟನ್ನು ಕಂಕುಳಲ್ಲಿಟ್ಟುಕೊಂಡ ಅತ್ತೆಯೂ ನಾನೂ ಒಳಗೆ ಕಾಲಿಟ್ಟೆವು. ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲದ ದಾರಿ, ಹಾವಿನಂತೆ ಸುತ್ತಿ ಸುತ್ತಿ ಹೋಗುತ್ತಿತ್ತು. ಕತ್ತಲೆಂದರೆ ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ಅತ್ತೆಗೆ ಭಯವಾದೀತೆಂದು ಅವಳ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕಂಪನಿಯವರು ಒಂದು ತಪ್ಪು ಮಾಡಿದ್ದರು. ಗೋಡೆಗಳಿಗೆ ಪರದೆ ಸಾಲದೆ ಚಳ್ಳಕೆರೆಯ ಕರಿ ಕಂಬಳಿಗಳನ್ನೇ ಬಾಡಿಗೆಗೆ ತಂದು ಕಟ್ಟಿದ್ದರು. ದೇವರ ಗದ್ದಿಗೆಗೆ ಹಾಸುವ ಕಂಬಳಿ! ಕುರಿಯ ವಾಸನೆ, ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆ. ನಮ್ಮ ಮುಂದೆ ಹೋಗುತ್ತಿದ್ದ ಮುದುಕನೊಬ್ಬ ಗೋಡೆಯನ್ನು ಸವರಿ ನೋಡಿ, "ಕಂಬ್ಳಿ ಇದ್ದಲ್ಲಿಗೆ ದೆವ್ವ ಹೆಂಗ್ ಬರ್ತೈತ್ಲೇ? ಸುಳ್ಳು ಇದು" ಎಂದು ಗಟ್ಟಿಯಾಗಿ ತೀರ್ಪು ಕೊಟ್ಟ. ನನಗೆ ಸ್ವಲ್ಪ ಧೈರ್ಯ ಬಂತು. ಅಷ್ಟರಲ್ಲಿ ಕತ್ತಿಗೆ ಏನೋ ಮೆತ್ತಗೆ ತಗುಲಿ, ಡೇರೆಯ ಕಂಬ ಅಲುಗುವ ಹಾಗೆ ಕಿರುಚಿದೆ. ಅದು ಕಂಬಳಿಯ ಕುಚ್ಚು. ನನ್ನ ಕೂಗಿಗೆ ಬೆದರಿ ಎಲ್ಲೋ ಮೂಲೆಯಲ್ಲಿದ್ದ ದೆವ್ವವೊಂದು "ಅಯ್ಯಪ್ಪಾ" ಎಂದಿತು.

ಇನ್ನೊಂದು ತಿರುವಿನಲ್ಲಿ ಒಂದು ಹಣತೆ ಮಿಣಿಮಿಣಿ ಎನ್ನುತ್ತಿತ್ತು. ಕಂಬಳಿ ಸರಿಯಿತು. ಎದುರಿಗೆ ಆಳೆತ್ತರದ ಅಸ್ಥಿಪಂಜರ ಹಲ್ಲು ಕಿರಿಯುತ್ತ ಎರಡೂ ಕೈ ಚಾಚಿತು. ನನಗೆ ಇಂಗ್ಲಿಷೂ ಮರೆಯಿತು, ಕನ್ನಡವೂ ಮರೆಯಿತು.

ಅತ್ತೆ ಸೆರಗು ಬಿಡಿಸಿಕೊಂಡು ಮುಂದೆ ಹೋದಳು.

ನಮ್ಮ ಕಡೆ ದೆವ್ವ ಕಂಡರೆ ತಿಳಿದವರು ಓಡುವುದಿಲ್ಲ. ಯಾರ ಮೈಮೇಲಾದರೂ ಬಂತೆನ್ನಿ, ಮನೆಯ ಹಿರಿಯಳು ಎದುರು ಕೂತು ಮೊದಲು ಊರು ಕೇಳುತ್ತಾಳೆ, ಆಮೇಲೆ ಹೆಸರು, ಆಮೇಲೆ ಏನು ಬೇಕೆಂದು. ಬೀಗರು ಬಂದಾಗ ವಿಚಾರಿಸುವ ಕ್ರಮವೂ ಇದೇ. ಬೇಕೆಂದದ್ದನ್ನು ಕೊಟ್ಟು ಕಳಿಸಿದರೆ ಮುಗಿಯಿತು. ಬಳ್ಳಾರಿಯ ಯಜಮಾನನಿಗೆ ಈ ಪದ್ಧತಿ ಗೊತ್ತಿರಲಿಲ್ಲವೆಂದು ಕಾಣುತ್ತದೆ.

"ಯಾವೂರಪ್ಪ ನಿಂದು?" ಎಂದಳು ಅತ್ತೆ.

ಅಸ್ಥಿಪಂಜರ "ಹೂ… ಹೂ…" ಎಂದು ಊಳಿಟ್ಟಿತು.

"ಅದಿರ್ಲಿ. ಏನ್ ಬೇಕು ನಿಂಗೆ?"

ಮತ್ತೆ ಊಳು. ಈ ಸಲ ಅಷ್ಟು ಜೋರಾಗಿರಲಿಲ್ಲ. ಕನ್ನಡ ಬಾರದ ದೆವ್ವವಿರಬೇಕೆಂದು ಅತ್ತೆ ಅದನ್ನೇ ತೆಲುಗಿನಲ್ಲಿ ಕೇಳಿದಳು. "ಏಮಿ ಕಾವಾಲಿ ನಾಯನಾ?"

ಮೊಳಕಾಲ್ಮೂರಿನ ಹೆಂಗಸರ ತೆಲುಗಿನಲ್ಲಿ ಒಂದು ಮೆತ್ತನೆಯ ರಾಗವಿದೆ. ಅದು ಆ ದೆವ್ವದ ಎದೆಯಲ್ಲಿ ಎಲ್ಲಿಗೆ ತಗುಲಿತೋ, ಚಾಚಿದ್ದ ಕೈಗಳು ಇಳಿದವು. "ಆಕಲಮ್ಮಾ" ಎಂದಿತು. ಹಸಿವಮ್ಮಾ ಎಂದು. ಮುಂದಿನದನ್ನು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಪಿಸುಗುಟ್ಟಿತು. ಹಲ್ಲಿಗೆ ಹಚ್ಚಿದ ಸುಣ್ಣ ಅಳಿಸುತ್ತದೆಂದು ಸಂಜೆತನಕ ಉಣ್ಣುವ ಹಾಗಿಲ್ಲವಂತೆ. ಆಮೇಲೆ ಮೂಗೆಳೆದು, "ಅಮ್ಮಾ, ನಿನ್ ಗಂಟಿನಾಗೆ ಬೆಳ್ಳುಳ್ಳಿ ಖಾರ ಐತಾ? ವಾಸ್ನೆ ಬಂದು ಪ್ರಾಣ ಹೋಗ್ತೈತೆ. ಒಂಚೂರು ಕೊಡಮ್ಮಾ" ಎಂದಿತು.

ಹಣತೆಯ ಬೆಳಕಿನಲ್ಲಿ ಅತ್ತೆಯ ಮುಖ ನೋಡಿ ನನಗೆ ಮೊದಲ ಸಲ ಬೇರೆ ತರಹದ ಹೆದರಿಕೆಯಾಯಿತು. ಆಮೇಲೆ ಅವಳು ಅಲ್ಲೇ ನೆಲಕ್ಕೆ ಕುಳಿತು ಗಂಟು ಬಿಚ್ಚಿದಳು. ಜೋಳದ ರೊಟ್ಟಿಯ ಮೇಲೆ ಖಾರ ಸವರಿ, ಎಣ್ಣೆ ಬಿಟ್ಟು, "ತಗಳಪ್ಪ, ಹೊಟ್ಟೆ ತುಂಬ ತಿನ್ನು" ಎಂದಳು. ಅಸ್ಥಿಪಂಜರ ಚಕ್ಕಳಮಕ್ಕಳ ಹಾಕಿ ಕೂತು ತಿಂದಿತು. ಖಾರಕ್ಕೆ ಕಣ್ಣಲ್ಲಿ ನೀರು ಬಂದು ಕೆನ್ನೆಯ ಎಲುಬುಗಳು ಕರಗಿ ಇಳಿದವು.

ವಾಸನೆ ಹಬ್ಬಿತು. ಕಂಬಳಿಗಳ ಹಿಂದಿನಿಂದ ರುಂಡವಿಲ್ಲದವನೊಬ್ಬ ರುಂಡವನ್ನು ಹೊರಗೆ ಚಾಚಿ ಬಂದ. ಕೂದಲು ಕೆದರಿದ ಮೋಹಿನಿ ಮೀಸೆ ಸರಿಮಾಡಿಕೊಳ್ಳುತ್ತ ಬಂದಳು. ನಾನೂ ಕೂತು ಎಲ್ಲರಿಗೂ ರೊಟ್ಟಿ ಹಂಚಿದೆ. ದೆವ್ವದ ಕೈ ಹೇಗಿರುತ್ತದೆಂದು ನೀವು ಕೇಳಿದರೆ ನಾನು ಹೇಳಬಲ್ಲೆ. ಒಣಗಿದ ಸುಣ್ಣದಿಂದ ಬಿರಿದು ಒರಟಾಗಿರುತ್ತದೆ. ಹಿಂದೆ ಜನ ಸಾಲುಗಟ್ಟಿ ನಿಂತು ಗಲಾಟೆಯಾಯಿತು. ಯಜಮಾನ ಲಾಂದ್ರ ಹಿಡಿದು "ಚಲೋ, ಚಲೋ" ಎನ್ನುತ್ತ ನುಗ್ಗಿ ಬಂದವನು, ತನ್ನ ದೆವ್ವಗಳೆಲ್ಲ ಪಂಕ್ತಿಯಲ್ಲಿ ಕೂತಿರುವುದನ್ನು ಕಂಡು ಕೂಗಾಡತೊಡಗಿದ. ಅತ್ತೆ ತಲೆಯೆತ್ತಿ ನೋಡಿದಳು.

"ಹಸಿದೋರ ಕೈಲಿ ಊರನ್ನ ಹೆದರಿಸ್ತೀಯಲ್ಲ, ನಿಂಗೆ ಯಾವ್ ಹೆದ್ರಿಕೇನೂ ಇಲ್ವೇನಪ್ಪ?"

ಅವನು ಲಾಂದ್ರ ಕೆಳಗಿಟ್ಟ. ಆ ಮೇಲೆ ಚಳ್ಳಕೆರೆಯ ಹೆಂಗಸರು ಬುತ್ತಿಯಿಲ್ಲದೆ ಆ ಡೇರೆಗೆ ಕಾಲಿಡಲಿಲ್ಲವಂತೆ. ಎಡೆ ಇಡುವವರಿಲ್ಲದ, ದಿಕ್ಕಿಲ್ಲದ ದೆವ್ವಗಳು, ಪಾಪ, ಎಂಬುದು ಅವರ ವಾದ. ಅಸ್ಥಿಪಂಜರಗಳಿಗೆ ಹೊಟ್ಟೆ ಬಂದು, ಹೆದರುವವರೇ ಇಲ್ಲದೆ ಕಂಪನಿ ರಾಂಪುರದ ದಾರಿ ಹಿಡಿಯಿತೆಂದು ಓಬಯ್ಯ ಹೇಳುತ್ತಾನೆ. ಓಬಯ್ಯನ ಮಾತಿನಲ್ಲಿ ಎಷ್ಟು ಕಳೆಯಬೇಕೆಂಬುದು ನಿಮಗೆ ಬಿಟ್ಟದ್ದು.

ವಾಪಸು ಬರುವಾಗ, ಅತ್ತೆ ಮೋಸಹೋದಳೆಂದು ನನಗೆ ಸಂಕಟ. "ಅತ್ತೇ, ಅವನು ವೇಷದೋನು" ಎಂದು ಮೆಲ್ಲಗೆ ಶುರುಮಾಡಿದೆ.

"ನಂಗೊತ್ತಿಲ್ವೇನೋ? ಹಲ್ಲಿಗೆ ಸುಣ್ಣ ಬಳ್ಕಂಡಿದ್ದ, ಕಿವಿಗೆ ಬಳ್ಕಳದ್ ಮರ್ತಿದ್ದ" ಎಂದಳು. ಆಮೇಲೆ ರಸ್ತೆಯನ್ನೇ ನೋಡುತ್ತ ಹೇಳಿದಳು: "ನಿಮ್ ಮಾವ ಕೊನೇ ದಿನ ಅದನ್ನೇ ಕೇಳಿದ್ರು ಕಣೋ. ಬಾಯಿ ಕೆಟ್ಟೈತೆ ಕಣೆ, ಒಂದ್ ತುತ್ತು ಬೆಳ್ಳುಳ್ಳಿ ಖಾರ ಹಚ್ಚಿ ರೊಟ್ಟಿ ಕೊಡು ಅಂದ್ರು. ಔಷಧಿ ಕೊಡೋ ಪಂಡಿತ್ರು ಬ್ಯಾಡ ಅಂದಿದ್ರು. ಸುಮ್ನೆ ಗಂಜಿ ಕುಡೀರಿ ಅಂತ ಗದರಿದೆ. ಕುಡಿದ್ರು. ಅವತ್ತೇ ಹೋದ್ರು. ಎಡೆಗೆ ಬೆಳ್ಳುಳ್ಳಿ ಇಡಬಾರ್ದು ಅಂತ ಹೋಳಿಗೆ ಮ್ಯಾಲೆ ಹೋಳಿಗೆ ಇಟ್ಟೆ. ಕೇಳಿದ್ದೊಂದು, ನಾನ್ ಇಟ್ಟಿದ್ದೊಂದು."

ನನ್ನ ಬಳಿ ವಿವರಣೆಗಳು ಬೇಕಾದಷ್ಟಿದ್ದವು. ಹಸಿದವನ ಮೂಗಿಗೆ ಬೆಳ್ಳುಳ್ಳಿ ಸಿಗುವುದರಲ್ಲಿ ಏನು ಪವಾಡ? ಆದರೂ ಅವನ್ನು ಬದಿಗಿಟ್ಟು, ಬುತ್ತಿಯ ಖಾಲಿ ಬಟ್ಟೆಯನ್ನು ಮಡಿಸತೊಡಗಿದೆ. ಓಬಯ್ಯನೂ ಎತ್ತುಗಳನ್ನು ಬೈಯುವುದನ್ನು ನಿಲ್ಲಿಸಿದ್ದ.

ಅಮಾವಾಸ್ಯೆಯ ದಿನ ಅತ್ತೆ ಒರಳಿನಲ್ಲಿ ಬೆಳ್ಳುಳ್ಳಿ ಖಾರ ಕುಟ್ಟಿದಾಗ ಮನೆಯಲ್ಲಿ ದೊಡ್ಡ ಗದ್ದಲವೇ ಆಯಿತು. "ಎಡೆಗೆ ಬೆಳ್ಳುಳ್ಳಿ ಇಡ್ತಾರೇನೇ? ನಮ್ ಮನ್ಯಾಗೆ ಇಂಥಾದ್ದು ನಡೆದಿಲ್ಲ" ಎಂದು ಅಪ್ಪ ಎಗರಾಡಿದರು.

"ಉಣ್ಣೋರು ಅವ್ರು ಕಣಣ್ಣ, ನೀನಲ್ಲ" ಎಂದು ಅತ್ತೆ ಮಾಳಿಗೆ ಹತ್ತಿದಳು. ನಾನೂ ಹಿಂದೆ ಹೋದೆ. ಅಪ್ಪ ಬರಲಿಲ್ಲ, ಏಣಿಯ ಬುಡದಲ್ಲೇ ನಿಂತರು.

ಎಲೆ ಹಾಕಿ, ಹೋಳಿಗೆ ವಡೆಗಳ ಪಕ್ಕದಲ್ಲಿ ಒಂದು ಜೋಳದ ರೊಟ್ಟಿ, ಅದರ ಮೇಲೆ ಕೆಂಪಗೆ ಖಾರ. ಕೂತೆವು. ಬಿಸಿಲು ಏರಿತು. ಅತ್ತೆ ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತಲೂ ಬಿಚ್ಚುತ್ತಲೂ ಇದ್ದಳು. ಕಾಗೆ ಬಾರದಿದ್ದರೆ ಇವಳಿಗೆ ಏನು ಹೇಳುವುದೆಂದು ನಾನು ಹುಡುಕುತ್ತಿದ್ದೆ. ದುರ್ಗದ ಶಾಲೆಯಲ್ಲಿ ಅದಕ್ಕೆ ಪಾಠವಿರಲಿಲ್ಲ. ಆಗ ಹುಣಸೆಮರದಿಂದ ಒಂದು ಮುದಿ ಕಾಗೆ ಎದ್ದು ಬಂದು ಮಾಳಿಗೆಯ ಅಂಚಿನಲ್ಲಿ ಕೂತಿತು. ಎಲೆಯ ಸುತ್ತ ಒಂದು ಸುತ್ತು ನಡೆಯಿತು. ಹೋಳಿಗೆಯನ್ನು ಮೂಸಿಯೂ ನೋಡಲಿಲ್ಲ. ರೊಟ್ಟಿಗೆ ಕೊಕ್ಕು ಹಾಕಿತು.

ಅತ್ತೆಯ ಕಣ್ಣಿಂದ ಬಳಬಳನೆ ನೀರು ಸುರಿಯಿತು. ಕಾಗೆ ಮತ್ತೊಂದು ತುಂಡು ಕಿತ್ತು ನುಂಗಿ, ಕೊಕ್ಕನ್ನು ನೆಲಕ್ಕೆ ಆ ಕಡೆ ಈ ಕಡೆ ಉಜ್ಜಿತು.

"ಮೆಲ್ಲಗೆ ತಿನ್ರಿ, ಖಾರ ಐತೆ" ಎಂದಳು ಅತ್ತೆ, ಮಾವ ಇದ್ದಾಗ ಬಡಿಸುತ್ತ ಹೇಳುತ್ತಿದ್ದ ಅದೇ ದನಿಯಲ್ಲಿ. ಆಮೇಲೆ ನನ್ನ ಕಡೆ ತಿರುಗಿ ಗದರಿದಳು: "ಏನ್ ನೋಡ್ತಾ ಕೂತೀಯೋ? ನೀರು!"

ನಾನು ಏಣಿ ಇಳಿದು ಓಡಿದೆ. ಚೊಂಬಿನಲ್ಲಿ ನೀರು ತುಂಬಿಕೊಂಡು ಅಪ್ಪ ಆಗಲೇ ಎದುರಿಗೆ ಬರುತ್ತಿದ್ದರು.